ನಿಧಾನವಾದರೆ ಬೇಗ ಓದುವ ಸಿಡಿ ಡ್ರೈವ್

ಬೆಂಗಳೂರಿನ ಎಸ್.ಪಿ. ರೋಡಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಿದರೆ ಅಗಲ ಕೇಬಲ್ಲಿನ ಸಿಡಿ-ರಾಮ್ ಡ್ರೈವ್ ಈಗಲೂ ಸಿಗುತ್ತದೆ. ಮದುವೆ ಫೋಟೋ, ಡಿಟಿಪಿ ಮಾಡಿಸಿದ ಪುಸ್ತಕದ ಫೈಲು, ಕಾಲೇಜಿನ ಪ್ರಾಜೆಕ್ಟು, ಒಂದು ಕಾಲಕ್ಕೆ ಎಲ್ಲವೂ ಸಿಡಿಯಲ್ಲೇ ಇರುತ್ತಿದ್ದವು ಅಲ್ವಾ? ಈಗಿನ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಬಾಯಿಯೇ ಇಲ್ಲ. ಹಾಗಾಗಿ ಈ ಡ್ರೈವ್‌ಗಳನ್ನು ಕೇಳಿಕೊಂಡು ಬರುವವರು ಇದ್ದಾರೆ.

ಆದರೆ ಕೇಬಲ್ ಸಿಕ್ಕಿಸಿದ ಮಾತ್ರಕ್ಕೆ ಡ್ರೈವ್ ಓದುವುದಿಲ್ಲ. ನಡುವೆ ಡ್ರೈವರ್ ಎಂಬ ಚಿಕ್ಕ ಪ್ರೋಗ್ರಾಂ ಬೇಕು. ಸಿಡಿಯ ಮಾಹಿತಿ ಸೆಕ್ಟರ್ ಎಂಬ ಚಿಕ್ಕ ತುಂಡುಗಳಲ್ಲಿರುತ್ತದೆ. ಇಷ್ಟನೇ ಸೆಕ್ಟರ್ ಕೊಡು ಎಂದು ಆಪರೇಟಿಂಗ್ ಸಿಸ್ಟಂ ಕೇಳುತ್ತದೆ. ಡ್ರೈವರ್ ಅದನ್ನು ಡ್ರೈವಿಗೆ ಗೊತ್ತಾಗುವ ಆಜ್ಞೆ ಮಾಡಿ ಕಳಿಸಿ, ಉತ್ತರಕ್ಕೆ ಕಾಯುತ್ತದೆ. 1990ರ ದಶಕದ ಶುರುವಿನಲ್ಲಿ ಸೋನಿ, ಮಿತ್ಸುಮಿ, ಪ್ಯಾನಾಸೋನಿಕ್ ಡ್ರೈವ್‌ಗಳ ಆಜ್ಞೆಗಳು ಒಂದೊಂದೂ ಬೇರೆ ಬೇರೆ. ಎಷ್ಟೋ ಡ್ರೈವ್‌ಗಳ ಕೇಬಲ್ ಸೌಂಡ್ ಕಾರ್ಡಿಗೆ ಹೋಗುತ್ತಿತ್ತು! ಆಮೇಲೆ ಅಟಾಪಿ ಪದ್ಧತಿ ಬಂತು. ಹಾರ್ಡ್ ಡಿಸ್ಕಿನ ಐಡಿಇ ಎಂಬ ಅಗಲ ಕೇಬಲ್ಲಿನಲ್ಲೇ, ಸ್ಕಸಿ ಎಂಬ ಇನ್ನೊಂದು ಜೋಡಣೆ ಪದ್ಧತಿಯ ಮಾದರಿಯ ಆಜ್ಞೆಗಳನ್ನು 12 ಬೈಟುಗಳ ಪೊಟ್ಟಣ ಕಟ್ಟಿ ಕಳಿಸುವ ಏರ್ಪಾಡು ಅದು. ಇದರಿಂದ ಒಂದೇ ಡ್ರೈವರ್ ಹತ್ತಾರು ಕಂಪನಿಗಳ ಡ್ರೈವಿಗೆ ಸಾಕಾಯಿತು. ಯುಎಸ್‌ಬಿ ಡಿಸ್ಕುಗಳಿಗೆ ಹೋಗುವುದೂ ಅದೇ ಕುಟುಂಬದ ಆಜ್ಞೆಗಳೇ. ಅದಕ್ಕೇ ಐಡಿಇಯಿಂದ ಯುಎಸ್‌ಬಿಗೆ ಬದಲಿಸುವ ಅಡಾಪ್ಟರ್ ಹಾಕಿದರೆ ಆ ಕಾಲದ ಡ್ರೈವ್ ಇಂದಿನ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನಲ್ಲೂ ಸಾಮಾನ್ಯವಾಗಿ ಕೆಲಸ ಮಾಡುತ್ತದೆ.

ಡಾಸ್ ಎಂಬ ಹಳೇ ಆಪರೇಟಿಂಗ್ ಸಿಸ್ಟಮ್ಮಿನ ಕಾಲದಲ್ಲಿ ಇಷ್ಟು ಸುಲಭ ಇರಲಿಲ್ಲ. ಕಂಪ್ಯೂಟರ್ ಶುರುವಾಗುವಾಗ ಓದುವ ಕಾನ್ಫಿಗ್.ಸಿಸ್ ಫೈಲಿನಲ್ಲಿ ಡ್ರೈವರ್ ಹೆಸರು ಬರೆಯಬೇಕು. ಹಾಗೆಯೇ ಶುರುವಿನಲ್ಲಿ ಓಡುವ ಆಟೋಎಕ್ಸೆಕ್.ಬ್ಯಾಟ್‌ನಲ್ಲಿ ಎಮ್‌ಎಸ್‌ಸಿಡಿಇಎಕ್ಸ್ ಎಂಬ ಇನ್ನೊಂದು ಪ್ರೋಗ್ರಾಂ ಕರೆಯಬೇಕು. ಎರಡೂ ಕಡೆ ಡ್ರೈವಿಗೆ ಕೊಟ್ಟ ಗುರುತಿನ ಹೆಸರು ಒಂದೇ ಇರಬೇಕು. ಒಂದಕ್ಷರ ತಪ್ಪಿದರೂ ಡ್ರೈವ್ ನಾಪತ್ತೆ. ಒಂದು ತಮಾಷೆ ನೋಡಿ. ಸಿಡಿಯ ಫೈಲ್ ವ್ಯವಸ್ಥೆ ಡಾಸಿಗೆ ಗೊತ್ತೇ ಇರಲಿಲ್ಲ. ಹಾಗಾಗಿ ಎಮ್‌ಎಸ್‌ಸಿಡಿಇಎಕ್ಸ್ ಪಕ್ಕದಲ್ಲೇ ಇರುವ ಸಿಡಿಯನ್ನು ನೆಟ್‌ವರ್ಕಿನ ಡಿಸ್ಕು ಎಂದು ನಂಬಿಸುತ್ತಿತ್ತು. ಇದೆಲ್ಲ ಡಾಸ್ ಪ್ರೋಗ್ರಾಂಗಳಿಗೆ ಇದ್ದ 640 ಕಿಲೋಬೈಟ್ ಮೆಮೊರಿಯಲ್ಲೇ ಜಾಗ ಹಿಡಿಯುತ್ತಿದ್ದುದರಿಂದ, ಡ್ರೈವರನ್ನು ಅದರಾಚೆಯ ಮೇಲಿನ ಮೆಮೊರಿಗೆ ತಳ್ಳುವುದೇ ಆಗಿನ ದೊಡ್ಡ ಟ್ಯೂನಿಂಗ್.

ಇನ್ನೊಂದು ಟ್ಯೂನಿಂಗ್ ಬಫರಿನದು, ಅಂದರೆ ಓದಿದ್ದನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಮೆಮೊರಿಯದು. ಸಿಡಿ-ರಾಮಿನ ಒಂದು ಸೆಕ್ಟರಿನಲ್ಲಿ 2048 ಬೈಟ್ ಮಾಹಿತಿ ಇರುತ್ತದೆ. ಮೂಲ ವೇಗದಲ್ಲಿ ಸೆಕೆಂಡಿಗೆ 75 ಸೆಕ್ಟರ್, ಅಂದರೆ 150 ಕಿಲೋಬೈಟ್. ಓದುವ ತಲೆಯನ್ನು ಬೇರೆ ಜಾಗಕ್ಕೆ ಒಯ್ಯಲು ಹಳೇ ಡ್ರೈವಿಗೆ ಸೆಕೆಂಡಿನ ಹತ್ತನೇ ಒಂದು ಭಾಗವೋ ಅದಕ್ಕಿಂತ ಜಾಸ್ತಿಯೋ ಬೇಕು. ಅಷ್ಟು ಹೊತ್ತಿನಲ್ಲಿ ಏಳು ಸೆಕ್ಟರ್ ಓದಬಹುದಿತ್ತು. ಒಂದೊಂದೇ ಸೆಕ್ಟರ್ ಕೇಳುವುದೆಂದರೆ ಒಂದೊಂದು ನಿಂಬೆಹಣ್ಣಿಗೂ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಬಂದ ಹಾಗೆ. ಹೋದಾಗಲೇ ಮುಂದಿನದನ್ನೂ ಓದಿ ಬಫರಿನಲ್ಲಿ ಇಟ್ಟುಕೊಳ್ಳುವುದು ಜಾಣತನ. ಬಫರ್ ದೊಡ್ಡದಾದಷ್ಟೂ ಪ್ರೋಗ್ರಾಂಗಳಿಗೆ ಸಿಗುವ ಮೆಮೊರಿ ಕಡಿಮೆ, ಅದೊಂದು ಗೋಳು.

ಈಗ ವೇಗದ ವಿಷಯ. ಡಬ್ಬಿಯ ಮೇಲೆ 52 ಎಕ್ಸ್ (ಮೂಲ ವೇಗದ 52 ಪಟ್ಟು) ಎಂದು ಬರೆದ ಡ್ರೈವಿನಲ್ಲಿ ತಟ್ಟೆ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ. ಆ 52 ಎಕ್ಸ್ ಸಿಗುವುದೂ ಸಿಡಿಯ ಹೊರ ಅಂಚಿನಲ್ಲಿ ಮಾತ್ರ. ಮಾಹಿತಿ ಬರೆದ ಸುರುಳಿ ದಾರಿಯೇ ಟ್ರ್ಯಾಕ್. ಅದರ ಸುತ್ತುಗಳ ನಡುವಿನ ಅಂತರ 1.6 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರನೇ ಒಂದು ಭಾಗ). ತಟ್ಟೆ ಚೂರು ಓಲಾಡಿದರೂ ಲೇಸರ್ ಕಿರಣ ದಾರಿಯ ಮೇಲೆ ನಿಲ್ಲುವುದು ಕಷ್ಟ. ಗೀರು ಬಿದ್ದ ಸಿಡಿಯಾದರಂತೂ ಕೇಳಲೇಬೇಡಿ. ಹಾಗೆಂದು ಸಿಡಿ ತೀರಾ ನಾಜೂಕಿನದೇನಲ್ಲ. ಟ್ರ್ಯಾಕಿನ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಹಾಳಾದರೂ ಲೆಕ್ಕ ಹಾಕಿ ಸರಿಪಡಿಸುವ ಏರ್ಪಾಡು ಅದರಲ್ಲಿದೆ. ಸಿಡಿ-ರಾಮಿನ ಪ್ರತಿ ಸೆಕ್ಟರಿನಲ್ಲೂ ತಿದ್ದುಪಡಿಗೆಂದೇ ಇನ್ನೂ 276 ಬೈಟ್ ಇಟ್ಟಿದ್ದಾರೆ. ಅದೂ ಸೋತಾಗ ಡ್ರೈವ್ ಹಿಂದೆ ಹೋಗಿ ಮತ್ತೆ ಓದುತ್ತದೆ. ಮತ್ತೆ ಸೋಲುತ್ತದೆ. ಕೊನೆಗೆ ಕಾಯುವ ಅವಧಿ ಮುಗಿದು ಡ್ರೈವರ್ ಕೈಚೆಲ್ಲುತ್ತದೆ. ನಮಗೆ ಕಾಣುವುದು ಮಾತ್ರ ಗಡಗಡ ಸದ್ದು ಮತ್ತು ಹೆಪ್ಪುಗಟ್ಟಿದ ಪರದೆ.

ಇಲ್ಲಿ ವೇಗ ತಗ್ಗಿಸುವುದೇ ಮದ್ದು. ಲಿನಕ್ಸಿನಲ್ಲಿ ಟ್ರೇ ತೆರೆಯುವ ಇಜೆಕ್ಟ್ ಆಜ್ಞೆಗೇ ಸಣ್ಣ ಎಕ್ಸ್ (-x) ಸೇರಿಸಿ 4 ಅಥವಾ 8 ಎಂದು ಕೊಟ್ಟರೆ, ಆ ವೇಗಕ್ಕೆ ಇಳಿ ಎಂದು ಡ್ರೈವಿಗೆ ಹೇಳಿದಂತೆ. ಕೆಲವು ಡ್ರೈವ್‌ಗಳು ಈ ಮಾತು ಕೇಳುವುದಿಲ್ಲ. ಕೆಲವು ಸಿಡಿ ಬದಲಿಸಿದ ಕೂಡಲೇ ಮರೆಯುತ್ತವೆ, ಆಗ ಮತ್ತೆ ಹೇಳಬೇಕು. 48 ಎಕ್ಸ್‌ನಲ್ಲಿ ಒದ್ದಾಡುವ ಗೀರಿನ ಸಿಡಿ 4 ಎಕ್ಸ್‌ನಲ್ಲಿ ಸಲೀಸಾಗಿ ಓದಿಸಿಕೊಂಡರೆ, ಒಟ್ಟು ಸಮಯವೂ ಉಳಿಯುತ್ತದೆ.

ಫೈಲುಗಳನ್ನು ಒಂದೊಂದಾಗಿ ಕಾಪಿ ಮಾಡಬೇಡಿ. ಡಿಡಿರೆಸ್ಕ್ಯೂನಂಥ ತಂತ್ರಾಂಶದಿಂದ ಇಡೀ ಸಿಡಿಯ ಪ್ರತಿ ತೆಗೆಯಿರಿ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಓದಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಕೈ ಹಾಕುತ್ತದೆ. ಇಷ್ಟೆಲ್ಲ ಆದಮೇಲೆ ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಫೈಲು ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಡ್ರೈವರನ್ನು ಬೈಯಬೇಡಿ. ಅದು ಯೂನಿಕೋಡ್ ಎಂಬ ಈಗಿನ ಸಾರ್ವತ್ರಿಕ ಅಕ್ಷರ ಸಂಕೇತ ಬಳಸದ ಫಾಂಟಿನ ಕಥೆ. ಅದಕ್ಕೆ ಬೇಕಾದದ್ದು ಯೂನಿಕೋಡಿಗೆ ಬದಲಿಸುವ ಕನ್ವರ್ಟರ್.