ಬದನೆಯಲ್ಲಿ ಹುಳ ಇದ್ದರೆ ಸಾವಯವವೇ?

"ಸರ್, ಇದರಲ್ಲಿ ಹುಳ ಇದೆ. ಅಂದ್ರೆ ಔಷಧಿ ಹೊಡೆದಿಲ್ಲ, ಅಲ್ವಾ?" ಬದನೆಕಾಯಿ ಹಿಡಿದು ಹೀಗೆ ಕೇಳುವವರು ಜಾಸ್ತಿ. ಹಾಗೇನಿಲ್ಲ. ಕಾಯಿಕೊರಕ ಹುಳ ಒಂದು ಸಲ ಒಳಗೆ ಸೇರಿಕೊಂಡರೆ ಮೇಲಿನಿಂದ ಹೊಡೆದ ಔಷಧಿ ಅದಕ್ಕೆ ತಾಗುವುದು ಕಷ್ಟ. ಔಷಧಿಯೂ ಇರಬಹುದು, ಹುಳವೂ ಇರಬಹುದು. ಕಾಯಿ ನೋಡಿ ಹೇಳಲು ಆಗದು. ಹೊಲ ನೋಡಬೇಕು.

ಹೊಲ ಸಾವಯವ ಹೌದೋ ಅಲ್ಲವೋ ಅಂತ ತಪಾಸಣೆಗೆ ಹೋದಾಗ ನಾನು ಮೊದಲು ಬದುವಿನ ಮೇಲೆ ಒಂದು ಸುತ್ತು ನಡೆಯುತ್ತೇನೆ. ಪಕ್ಕದವರು ಔಷಧಿ ಹೊಡೆದರೆ ಗಾಳಿಗೆ ಈ ಕಡೆ ಬರುತ್ತದೆಯೇ? ಮಳೆ ನೀರು ಯಾರ ಹೊಲದಿಂದ ಇಳಿದು ಬರುತ್ತದೆ? ಬದುವಿನಲ್ಲಿ ಗ್ಲಿರಿಸೀಡಿಯಾ ಒತ್ತಾಗಿ ಬೆಳೆದಿದ್ದರೆ ನನಗೆ ಅರ್ಧ ಸಮಾಧಾನ. ಅದು ಗಾಳಿಗೆ ಅಡ್ಡ ನಿಲ್ಲುತ್ತದೆ, ಸೊಪ್ಪು ಗೊಬ್ಬರಕ್ಕೂ ಆಗುತ್ತದೆ. ಆಮೇಲೆ ಸ್ಪ್ರೇಯರ್ ಕೇಳುತ್ತೇನೆ. ಬಾಡಿಗೆಗೆ ತಂದಿದ್ದರೆ ಹಿಂದೆ ಬಳಸಿದವರ ಔಷಧಿ ಅದರ ತಳದಲ್ಲೇ ಉಳಿದಿರಬಹುದು. ಬೇವಿನ ಕಷಾಯ ಹೊಡೆದೆ ಅಂದುಕೊಂಡ ರೈತ ಗೊತ್ತಿಲ್ಲದೆ ವಿಷವನ್ನೂ ಸೇರಿಸಿ ಹೊಡೆದಿರುತ್ತಾನೆ. ಬೀಜ ಎಲ್ಲಿಂದ ತಂದರು, ಯಾವ ದಿನ ಏನು ಹಾಕಿದರು ಅನ್ನುವ ಲೆಕ್ಕದ ಪುಸ್ತಕ ನೋಡುವುದು ಕೊನೆಗೆ.

ಯೂರಿಯಾ ನಿಲ್ಲಿಸಿದ ಮಾರನೇ ದಿನವೇ ಹೊಲ ಸಾವಯವ ಆಗುವುದಿಲ್ಲ. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಕಾರ ರಾಗಿ, ತೊಗರಿಯಂಥ ಬೆಳೆಗೆ ಸಾಮಾನ್ಯವಾಗಿ ಬಿತ್ತನೆಗೆ ಮುಂಚೆ 2 ವರ್ಷ ಹೊಲ ಸಾವಯವ ಪದ್ಧತಿಯಲ್ಲಿ ಇದ್ದಿರಬೇಕು. ತೆಂಗು, ಮಾವಿನಂಥ ಮರಗಳಿಗೆ ಕೊಯ್ಲಿಗೆ ಮುಂಚೆ 3 ವರ್ಷ. ಪರಿವರ್ತನೆಯ ಈ ಕಾಲದಲ್ಲಿ ಎಷ್ಟೋ ಹೊಲಗಳಲ್ಲಿ ಇಳುವರಿ ಇಳಿಯುತ್ತದೆ, ಸಿಗುವ ಬೆಲೆ ಮಾತ್ರ ಮಾಮೂಲಿ. ಒಳ್ಳೆಯ ರೈತರು ಕೈಬಿಡುವುದನ್ನು ನಾನು ಜಾಸ್ತಿ ಕಂಡಿರುವುದು ಇಲ್ಲೇ. ಅದಕ್ಕೇ ಹೇಳುತ್ತೇನೆ, ಪರಿವರ್ತನೆಯಲ್ಲಿರುವ ಹೊಲದ ಬೆಳೆಯನ್ನೂ ಕೊಳ್ಳಿ. ರೈತರು ಗುಂಪಾಗಿ ಒಬ್ಬರ ಹೊಲ ಇನ್ನೊಬ್ಬರು ನೋಡಿ ಖಾತರಿ ಕೊಡುವ ಪದ್ಧತಿಗೆ ಪಿಜಿಎಸ್ ಅನ್ನುತ್ತಾರೆ. ಅದರ 'ಪಿಜಿಎಸ್-ಗ್ರೀನ್' ಗುರುತು ಇದ್ದರೆ ಹೊಲ ಇನ್ನೂ ಪರಿವರ್ತನೆಯಲ್ಲಿದೆ ಎಂದರ್ಥ.

ಪ್ಯಾಕೆಟ್ ಕೊಳ್ಳುವಾಗ ಸಾವಯವ ಆಹಾರಕ್ಕೆ ಹಾಕುವ 'ಜೈವಿಕ್ ಭಾರತ್' ಗುರುತು ಹುಡುಕಿ. ಸುಮ್ನೆ 'ನ್ಯಾಚುರಲ್' ಅಂತ ಬರೆದಿದ್ದರೆ ಅದು ಸಾವಯವದ ಪ್ರಮಾಣ ಅಲ್ಲ. ಸಣ್ಣ ರೈತರು ನೇರವಾಗಿ ನಿಮಗೇ ಮಾರಿದರೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಅಂಥವರ ಹತ್ತಿರ ಪತ್ರ ಕೇಳಿ ಮುಜುಗರ ಮಾಡಬೇಡಿ. "ನಿಮ್ಮ ಬದುವಿನ ಆಚೆ ಯಾರ ಹೊಲ, ಅವರು ಏನು ಹೊಡೀತಾರೆ?" ಅಂತ ಕೇಳಿ. ನಿಜವಾಗಿ ಸಾವಯವ ಮಾಡುವವರು ಈ ವಿಷಯದಲ್ಲಿ ದಿನವೂ ತಲೆ ಕೆಡಿಸಿಕೊಂಡಿರುತ್ತಾರೆ. ಕೇಳಿದ್ದೇ ತಡ, ಅರ್ಧ ಗಂಟೆ ಮಾತಾಡುತ್ತಾರೆ.