ಪದ ಪರಿಚಯ: ಕ್ರ್ಯಾಶ್ ಡಯಟ್

ಕ್ರ್ಯಾಶ್ ಅಂದ ಕೂಡಲೇ ವಿಮಾನ ಬಿದ್ದ ನೆನಪಾಗುತ್ತದೆ. ಆದರೆ ಈ ಪದದ ನೆಂಟಸ್ತಿಕೆ ಇರೋದು ಸಿಇಟಿ ಜೊತೆ. ಪಿಯುಸಿ ಪರೀಕ್ಷೆ ಮುಗಿಯುತ್ತಿದ್ದಂತೆ ಮಕ್ಕಳನ್ನು ಒಂದು ತಿಂಗಳ ಕ್ರ್ಯಾಶ್ ಕೋರ್ಸ್‌ಗೆ ಸೇರಿಸುತ್ತಾರಲ್ವಾ, ಅದೇ ಕ್ರ್ಯಾಶ್ ಇದು. ಎರಡು ವರ್ಷದ ಪಾಠವನ್ನು ನಾಲ್ಕು ವಾರದಲ್ಲಿ ತುರುಕುವ ಆತುರ. ಕ್ರ್ಯಾಶ್ ಡಯಟ್ ಅಂದರೆ, ವರ್ಷಗಟ್ಟಲೆ ಕೂಡಿಕೊಂಡ ತೂಕವನ್ನು ಕೆಲವೇ ದಿನದಲ್ಲಿ ಇಳಿಸೋಕೆ ಊಟವನ್ನು ಒಮ್ಮೆಲೇ ತೀರಾ ಕಡಿಮೆ ಮಾಡುವುದು.

‘ಡಯಟ್’ ಕೂಡ ಕನ್ನಡಕ್ಕೆ ಬಂದ ಮೇಲೆ ಸ್ವಲ್ಪ ಬದಲಾಗಿದೆ. ಇಂಗ್ಲಿಷ್‌ನಲ್ಲಿ ಅದಕ್ಕೆ ದಿನಾ ತಿನ್ನುವ ಆಹಾರ ಅನ್ನುವ ಅರ್ಥವೂ ಉಂಟು. ನಮ್ಮಲ್ಲಿ ‘ಡಯಟ್‌ನಲ್ಲಿದ್ದೀನಿ’ ಅಂದರೆ ‘ನನಗೆ ಹೋಳಿಗೆ ಬಡಿಸಬೇಡಿ’ ಅಂತಲೇ. ಅಜ್ಜಿ ಹೇಳುತ್ತಿದ್ದ ‘ಪಥ್ಯ’ ಬೇರೆ. ಅದು ಜ್ವರಕ್ಕೆ, ಬಾಣಂತನಕ್ಕೆ. ಏನು ತಿನ್ನಬಾರದು ಅನ್ನೋದರ ಜೊತೆಗೆ ಏನು ತಿನ್ನಲೇಬೇಕು ಅನ್ನೋದೂ ಅದರಲ್ಲಿರುತ್ತಿತ್ತು.

ತೀರಾ ಕಡಿಮೆ ಅಂದರೆ ಎಷ್ಟು? ವೈದ್ಯರ ಲೆಕ್ಕದಲ್ಲಿ ದಿನಕ್ಕೆ 800 ಕ್ಯಾಲರಿ ಅಥವಾ ಅದಕ್ಕೂ ಕಡಿಮೆ ಇದ್ದರೆ ಅದು ‘ಅತಿ ಕಡಿಮೆ ಕ್ಯಾಲರಿ’ಯ ಊಟ. ಹೋಟೆಲಿನಲ್ಲಿ ಬೆಣ್ಣೆ ಧಾರಾಳವಾಗಿ ಹಾಕಿದ ಎರಡು ಮಸಾಲೆ ದೋಸೆ ತಿಂದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಇಡೀ ದಿನಕ್ಕೆ ಅಷ್ಟೇ.

ನಮ್ಮ ಕಡೆ ಬಾಯಿಂದ ಬಾಯಿಗೆ ಜಾಸ್ತಿ ಹರಡಿದ್ದು ಏಳು ದಿನದ ಜಿಎಂ ಡಯಟ್. ಮೊದಲ ದಿನ ಬರೀ ಹಣ್ಣು, ಎರಡನೇ ದಿನ ಬರೀ ತರಕಾರಿ, ಮೂರನೇ ದಿನ ಎರಡೂ, ನಾಲ್ಕನೇ ದಿನ ಬಾಳೆಹಣ್ಣು ಮತ್ತು ಹಾಲು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ತನ್ನ ನೌಕರರಿಗಾಗಿ ಇದನ್ನು ಮಾಡಿಸಿತು ಅನ್ನುವ ಕಥೆಯೂ ಜೊತೆಗೇ ಬರುತ್ತದೆ. ಅದಕ್ಕೆ ಪುರಾವೆ ಇಲ್ಲ. ತಂಗಿಯ ಮದುವೆಗೆ ಮುಂಚೆ ನಾನೂ ಇದನ್ನು ಮಾಡಿದೆ. ನಾಲ್ಕನೇ ದಿನ ಪಕ್ಕದ ಮನೆಯಿಂದ ಇಂಗಿನ ಒಗ್ಗರಣೆ ವಾಸನೆ ಬಂದಾಗ, ಕೈಯಲ್ಲಿದ್ದ ಆರನೇ ಬಾಳೆಹಣ್ಣು ನೋಡಿ ಅಳು ಬಂದಿತ್ತು. ವಾರದ ಕೊನೆಗೆ ತೂಕ ಮೂರು ಕೆಜಿ ಇಳಿದಿತ್ತು. ಮದುವೆ ಮುಗಿಸಿ ಬಂದು ನೋಡಿದರೆ ಎರಡು ಕೆಜಿ ವಾಪಸ್.

ಆ ಎರಡು ಕೆಜಿ ಹೋಗಿದ್ದೆಲ್ಲಿಗೆ, ಬಂದಿದ್ದೆಲ್ಲಿಂದ? ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7700 ಕ್ಯಾಲರಿ ಖರ್ಚಾಗಬೇಕು. ದಿನಕ್ಕೆ 2000 ಕ್ಯಾಲರಿ ಬೇಕಾದವರು 800 ತಿಂದರು ಅಂತಿಟ್ಟುಕೊಳ್ಳಿ. ಕೊರತೆ 1200. ಏಳು ದಿನಕ್ಕೆ 8400. ಅಂದರೆ ವಾರವಿಡೀ ಅರೆಹೊಟ್ಟೆಯಲ್ಲಿದ್ದರೂ ಕರಗುವ ಕೊಬ್ಬು ಹೆಚ್ಚೆಂದರೆ ಒಂದು ಕೆಜಿ ಚಿಲ್ಲರೆ. ಉಳಿದಿದ್ದು ಮುಖ್ಯವಾಗಿ ನೀರು. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಅರ್ಧ ಕೆಜಿ ಹತ್ತಿರ ಸಕ್ಕರೆ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆಯಾದಾಗ ದೇಹ ಮೊದಲು ಕೈ ಹಾಕುವುದು ಈ ದಾಸ್ತಾನಿಗೆ. ಸಕ್ಕರೆ ಖಾಲಿಯಾದ ಹಾಗೆ ನೀರೂ ಹೋಗುತ್ತದೆ, ತಕ್ಕಡಿ ಮುಳ್ಳು ಸರ್ರನೆ ಇಳಿಯುತ್ತದೆ. ಎರಡು ದಿನ ಅನ್ನ, ಚಿರೋಟಿ ತಿಂದರೆ ದಾಸ್ತಾನು ತುಂಬುತ್ತದೆ, ನೀರೂ ಬರುತ್ತದೆ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಇಳಿಸಿದ್ದೂ ನೀರೇ!

ವಾರ ದಾಟಿ ತಿಂಗಳುಗಟ್ಟಲೆ ಹೀಗೇ ಹೋದರೆ ಬೇರೆ ಪಾಡು. ಪ್ರೋಟೀನ್ ಸಾಲದಿದ್ದರೆ ಸ್ನಾಯು ಕರಗುತ್ತದೆ. ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಹೆಚ್ಚುತ್ತದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ದ್ರವ ಪ್ರೋಟೀನ್ ಡಯಟ್‌ನ ಹುಚ್ಚು ಹಬ್ಬಿತ್ತು. ಪ್ರಾಣಿಗಳ ಚರ್ಮ, ಸ್ನಾಯುರಜ್ಜುಗಳಿಂದ ತೆಗೆದ ಕಳಪೆ ಪ್ರೋಟೀನ್ ಅದು. ಅದನ್ನೇ ಕುಡಿದು ಬದುಕಿದವರಲ್ಲಿ ಹತ್ತಾರು ಜನ ಸತ್ತರು. ಎಷ್ಟೋ ಜನರ ಹೃದಯ ಬಡಿತವೇ ತಾಳ ತಪ್ಪಿತ್ತು.

ಹಾಗಂತ 800 ಕ್ಯಾಲರಿ ಅನ್ನೋದೇ ವಿಷವಲ್ಲ. 2017ರಲ್ಲಿ ಬ್ರಿಟನ್ನಿನಿಂದ ಡೈರೆಕ್ಟ್ ಅನ್ನುವ ಅಧ್ಯಯನದ ಫಲಿತಾಂಶ ಬಂತು. ಟೈಪ್ 2 ಸಕ್ಕರೆ ಕಾಯಿಲೆಯವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯ ಸೂಪು, ಶೇಕ್ ಕೊಟ್ಟರು. ವರ್ಷದ ಕೊನೆಗೆ ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಸಕ್ಕರೆ ಮಾತ್ರೆಯಿಲ್ಲದೆ ಹತೋಟಿಯಲ್ಲಿತ್ತು. ಆದರೆ ಆ ಸೂಪಿನಲ್ಲಿ ವಿಟಮಿನ್, ಖನಿಜ ಎಲ್ಲ ಅಳೆದು ಹಾಕಿದ್ದರು. ಶುರುವಿನಲ್ಲೇ ಸಕ್ಕರೆ, ಬಿಪಿ ಮಾತ್ರೆ ನಿಲ್ಲಿಸಿದ್ದರು, ತಪಾಸಣೆ ನಡೆಯುತ್ತಲೇ ಇತ್ತು. ಆಮೇಲೆ ಮಾಮೂಲಿ ಊಟಕ್ಕೆ ನಿಧಾನವಾಗಿ ಮರಳಿಸಿದರು. ಮಾತ್ರೆ ನುಂಗುತ್ತಲೇ ಮನೆಯಲ್ಲಿ ಸುಮ್ನೆ ಊಟ ಬಿಟ್ಟರೆ ಸಕ್ಕರೆ ದಿಢೀರನೆ ಕುಸಿದು ತಲೆ ಸುತ್ತಿ ಬೀಳಬಹುದು.

ಕೂದಲಿನ ವಿಷಯ ಇನ್ನೂ ವಿಚಿತ್ರ. ಅದು ಡಯಟ್ ಮಾಡುವಾಗ ಉದುರುವುದಿಲ್ಲ. ಎರಡು ಮೂರು ತಿಂಗಳು ಬಿಟ್ಟು, ಡಯಟ್ ಮಾಡಿದ್ದೇ ಮರೆತ ಮೇಲೆ, ಬಾಚಣಿಗೆ ತುಂಬ ಬರುತ್ತದೆ. ಆಗ ಎಲ್ಲರೂ ಬೈಯುವುದು ಬೋರ್‌ವೆಲ್ ನೀರನ್ನು.