ಪದ ಪರಿಚಯ: ಎಣಿಕೆ, ಅಂದಾಜು

"ಫ್ಲಾರಿಡಾದಲ್ಲಿ ಉಳಿದಿರುವುದು 6,620 ಮ್ಯಾನಟಿ ಮಾತ್ರ." ನೀರಿನಲ್ಲೇ ಬದುಕುವ, ಹುಲ್ಲು ಮೇಯುವ ದಪ್ಪ ಮೈಯ ಸಸ್ತನಿ ಮ್ಯಾನಟಿಯ ಬಗ್ಗೆ ಈ ಸಾಲನ್ನು ಮೊನ್ನೆ ಮತ್ತೆ ಓದಿದೆ. ಎಂಟು ಸಾವಿರಕ್ಕಿಂತ ಜಾಸ್ತಿ ಇರಬೇಕು ಎಂದು ವಿಜ್ಞಾನಿಗಳು ಹೇಳಿದ್ದಾರಲ್ಲ ಎಂದರೆ, "ಅದು ಬರೀ ಅಂದಾಜು, ಇದು ಎಣಿಸಿದ್ದು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಎಣಿಕೆ ಅಂದರೆ ನಿಜ, ಅಂದಾಜು ಅಂದರೆ ಸುಮ್ನೆ ಬಾಯಿಗೆ ಬಂದ ಸಂಖ್ಯೆ ಎಂಬ ನಂಬಿಕೆ ಇದು. ಮ್ಯಾನಟಿ ಲೆಕ್ಕದಲ್ಲಿ ಇದು ಪೂರ್ತಿ ತಲೆಕೆಳಗು.

ತಮಾಷೆ ಅಂದರೆ, ಪದಗಳ ಹುಟ್ಟು ನೋಡಿದರೂ ತಲೆಕೆಳಗೇ. ಎಣಿಕೆಯ ಬೇರು 'ಎಣ್'. ತಮಿಳಿನಲ್ಲಿ ಎಣ್ ಅಂದರೆ ಸಂಖ್ಯೆ, ಎಣ್ಣಂ ಅಂದರೆ ಯೋಚನೆ. ನಮ್ಮ 'ಎಣಿಸು' ಎರಡೂ ಕೆಲಸ ಮಾಡುತ್ತದೆ. ದುಡ್ಡು ಎಣಿಸುತ್ತೇವೆ. "ಹೀಗಾಗುತ್ತೆ ಅಂತ ಎಣಿಸಿರಲಿಲ್ಲ" ಎಂದೂ ಹೇಳುತ್ತೇವೆ. ಅಂದುಕೊಳ್ಳುವುದು ಆ ಪದದ ಒಳಗೇ ಕೂತಿದೆ. ಅಂದಾಜು ಬಂದದ್ದು ಪಾರಸಿಯ 'ಅಂದಾಜಾ'ದಿಂದ. ಅಲ್ಲಿ ಅದರ ಮೊದಲ ಅರ್ಥವೇ ಅಳತೆ, ಪ್ರಮಾಣ. ನಾವು ಊಹೆ ಎಂದು ಮೂಗು ಮುರಿಯುವ ಪದದಲ್ಲಿ ಅಳತೆ ಇದೆ, ಪಕ್ಕಾ ಎಂದು ನಂಬುವ ಪದದಲ್ಲಿ ಊಹೆ ಇದೆ. ಹುಟ್ಟು ಹೀಗಿದೆ ಎಂದು ಇವತ್ತಿನ ಅರ್ಥವೂ ಹಾಗೇ ಇರಬೇಕಿಲ್ಲ, ಒಪ್ಪಿದೆ. ಆದರೂ ನೆನಪಿಟ್ಟುಕೊಳ್ಳೋಕೆ ಇದು ಒಳ್ಳೇದು.

ಈಗ ಆ 6,620. ಇದು 2017ರ ಚಳಿಗಾಲದ ಎಣಿಕೆ. ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಮ್ಯಾನಟಿ ತಡೆಯುವುದಿಲ್ಲ. ಬೆಚ್ಚನೆ ಬುಗ್ಗೆಗಳಿಗೆ, ವಿದ್ಯುತ್ ಸ್ಥಾವರಗಳು ಬಿಸಿನೀರು ಬಿಡುವ ಜಾಗಗಳಿಗೆ ಬಂದು ಗುಂಪುಗೂಡುತ್ತದೆ. ಆಗ ವಿಮಾನದಲ್ಲಿ ಹಾರಿ, ದೋಣಿಯಲ್ಲಿ, ದಡದಲ್ಲಿ ನಿಂತು ಕಂಡಷ್ಟನ್ನು ಎಣಿಸುತ್ತಾರೆ. ಇದು ಶುರುವಾದದ್ದು 1991ರಲ್ಲಿ. ಕಂಡಷ್ಟು, ಅಷ್ಟೇ. ಕೆಸರು ನೀರಿನ ಅಡಿಯಲ್ಲಿದ್ದದ್ದು ಇಲ್ಲ, ಬುಗ್ಗೆಗೆ ಬಾರದೆ ಬೇರೆಲ್ಲೋ ಮೇಯುತ್ತಿದ್ದದ್ದು ಇಲ್ಲ. ಸಾಕಷ್ಟು ಚಳಿ ಬೀಳಲಿಲ್ಲ ಎಂದು 2012, 2013ರಲ್ಲಿ ಎಣಿಕೆಯೇ ಆಗಲಿಲ್ಲ. ಆ ಎರಡು ವರ್ಷ ಮ್ಯಾನಟಿ ಸೊನ್ನೆ ಆಗಿತ್ತಾ?

ನನಗೆ ಇಷ್ಟವಾದ ಉದಾಹರಣೆ 2010ರದ್ದು. 2009ರಲ್ಲಿ ಸಿಕ್ಕ ಸಂಖ್ಯೆ 3,802. ಮರುವರ್ಷ 5,077. ಒಂದೇ ವರ್ಷದಲ್ಲಿ 1,275 ಜಾಸ್ತಿ! ಮ್ಯಾನಟಿ ಬಸಿರು ಹೊರುವುದೇ ಸುಮಾರು ಒಂದು ವರ್ಷ. ಸಾಮಾನ್ಯವಾಗಿ ಒಂದೇ ಮರಿ, ಅದೂ ಎರಡರಿಂದ ಐದು ವರ್ಷಕ್ಕೊಮ್ಮೆ. ಹೀಗೆ ಹೆರುವ ಪ್ರಾಣಿ ವರ್ಷದೊಳಗೆ ಮೂರನೇ ಒಂದು ಪಾಲು ಹೆಚ್ಚುವುದು ಸಾಧ್ಯವೇ ಇಲ್ಲ. ಹೆಚ್ಚಿದ್ದು ಚಳಿ. ಆ ವರ್ಷ ಹಲ್ಲು ಕಡಿಯುವಂಥ ಚಳಿ ಬಿದ್ದು, ಮ್ಯಾನಟಿಗಳು ಬೆಚ್ಚನೆ ಜಾಗಗಳಲ್ಲಿ ಒತ್ತೊತ್ತಾಗಿ ಸೇರಿದವು, ಸುಲಭವಾಗಿ ಕಂಡವು. ಅದೇ ಚಳಿಗೆ ಸತ್ತವೂ ಬಹಳ. 2010ರಲ್ಲಿ ಸಿಕ್ಕ ಕಳೇಬರಗಳು 766, ಆ ಹೊತ್ತಿಗೆ ಅದೇ ದಾಖಲೆ. ಎಣಿಕೆ ಏರಿದ ವರ್ಷವೇ ಸಾವೂ ಏರಿತ್ತು. ಮುಂದೆ 2018ರಲ್ಲಿ 6,131, 2019ರಲ್ಲಿ 5,733 ಬಂದಾಗ "ಇಳಿಯಿತು" ಎಂದು ಅತ್ತವರೂ ಅದೇ ತಪ್ಪು ಮಾಡಿದರು. ಈ ಅಂಕಿಗಳ ಮುಂದೆ 'ಕನಿಷ್ಠ' ಎಂಬ ಪದ ಇರಲೇಬೇಕು. ಅದನ್ನು ಕಿತ್ತು ಹಾಕಿ 'ಮಾತ್ರ' ಸೇರಿಸುವವರ ಮೇಲೆ ನನಗೆ ಕೋಪ.

ಅಂದಾಜಿನ ದಾರಿ ಬೇರೆ. ಸಂಶೋಧಕರು ಕರಾವಳಿಯನ್ನು ತುಂಡು ತುಂಡು ಮಾಡಿ, ಕೆಲವನ್ನು ಆರಿಸಿ ಹಾರುತ್ತಾರೆ. ವಿಮಾನದಲ್ಲಿ ಇಬ್ಬರು ನೋಡುತ್ತಾರೆ. ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ. ಮೊದಲನೆಯವರು ಕಂಡ ಹತ್ತರಲ್ಲಿ ಎಂಟನ್ನಷ್ಟೇ ಎರಡನೆಯವರು ಕಂಡಿದ್ದರೆ, ಎರಡನೆಯವರ ಕಣ್ಣಿಗೆ ಹತ್ತಕ್ಕೆ ಎರಡು ತಪ್ಪುತ್ತವೆ ಎಂದಾಯಿತು. ಮೊದಲನೆಯವರ ಕಣ್ಣನ್ನೂ ಹೀಗೇ ಅಳೆಯುತ್ತಾರೆ. ಇನ್ನು ನೀರಿನಡಿ ಇದ್ದು ಯಾರಿಗೂ ಕಾಣದವು? ಮ್ಯಾನಟಿಗಳಿಗೆ ಆಳ ದಾಖಲಿಸುವ ಉಪಕರಣ ಕಟ್ಟಿ, ಅವು ಎಷ್ಟು ಹೊತ್ತು ಮೇಲಿರುತ್ತವೆ ಎಂಬ ಲೆಕ್ಕ ತೆಗೆದಿದ್ದಾರೆ. ಅದನ್ನೂ ಸೇರಿಸುತ್ತಾರೆ. ಅಂದರೆ ಇಲ್ಲಿ ಕಾಣದ್ದಕ್ಕೂ ಅಳತೆ ಇದೆ. ಇದನ್ನೇ 'ಬರೀ ಅಂದಾಜು' ಅನ್ನೋದು!

ಹೀಗೆ ಬಂದದ್ದೇ 2021–22ರ ಲೆಕ್ಕ: 8,350ರಿಂದ 11,730. ಇದು ಗೊತ್ತಿಲ್ಲದೆ ತಡವರಿಸಿದ್ದಲ್ಲ. ಎಷ್ಟು ಗೊತ್ತು ಎಂಬುದನ್ನು ಮುಚ್ಚುಮರೆ ಇಲ್ಲದೆ ಹೇಳಿದ್ದು. 2015–16ರ ಲೆಕ್ಕ 7,520ರಿಂದ 10,280. ಎರಡೂ ಒಂದರ ಮೇಲೊಂದು ಹಾಯುತ್ತವೆ. ಹಾಗಾಗಿ "ಹೆಚ್ಚಾಯಿತು" ಎಂದು ಕುಣಿಯುವ ಹಾಗೂ ಇಲ್ಲ. ಫ್ಲಾರಿಡಾದ ಪೂರ್ವ ಕರಾವಳಿಯ ಹಿನ್ನೀರು ಇಂಡಿಯನ್ ರಿವರ್ ಲಗೂನ್‌ನಲ್ಲಿ ಕಡಲಹುಲ್ಲು ನಾಶವಾಗಿ ಮ್ಯಾನಟಿಗಳು ಹಸಿದು ಸತ್ತದ್ದೂ ಇದೇ ಹೊತ್ತಿನಲ್ಲಿ. 2021ರಲ್ಲಿ ಇಡೀ ಫ್ಲಾರಿಡಾದಲ್ಲಿ 1,100ರ ಆಸುಪಾಸು ಕಳೇಬರ ಸಿಕ್ಕವು. ಅದೂ ಎಣಿಕೆಯೇ. ಸಿಕ್ಕವು ಮಾತ್ರ ಲೆಕ್ಕಕ್ಕೆ ಬಂದಿವೆ.

ಎಣಿಕೆಯ ಮೇಲೆ ನನಗೇನೂ ಹಗೆ ಇಲ್ಲ. ಬ್ಲೂ ಸ್ಪ್ರಿಂಗ್ ಎಂಬ ಬುಗ್ಗೆಯ ನೀರು ಗಾಜಿನಂತೆ ತಿಳಿ. ಅಲ್ಲಿ 1970ರ ದಶಕದಿಂದ ಚಳಿಗಾಲದಲ್ಲಿ ಮ್ಯಾನಟಿಗಳ ಹಾಜರಿ ಹಾಕುತ್ತಾರೆ. ಹೌದು, ಹಾಜರಿಯೇ ಸರಿಯಾದ ಪದ. ದೋಣಿಗಳ ಪ್ರೊಪೆಲ್ಲರ್ ಬಡಿದ ಗಾಯದ ಕಲೆಗಳನ್ನು ನೋಡಿ ಇಂಥದ್ದೇ ಮ್ಯಾನಟಿ ಎಂದು ಗುರುತು ಹಿಡಿಯುತ್ತಾರೆ. ಕಳೆದ ವರ್ಷ ಬಂದವುಗಳಲ್ಲಿ ಈ ವರ್ಷ ಎಷ್ಟು ಬಂದವು ಎಂಬುದರಿಂದ ಬದುಕುಳಿಯುವ ಪ್ರಮಾಣ ಲೆಕ್ಕ ಹಾಕುತ್ತಾರೆ. ಅಲ್ಲೂ ಬಾರದ್ದು ಸತ್ತೇ ಹೋಯಿತು ಎಂದು ಬರೆದುಕೊಳ್ಳುವುದಿಲ್ಲ. ಎರಡು ವರ್ಷ ಬಿಟ್ಟು ಬಂದರೂ ಬರಬಹುದು.